ಮೇಷ್ಟ್ರು ಮೆಚ್ಚಿದ ಸಿನಿಮಾಗಳು

ಮೇಷ್ಟ್ರು ಸುಳ್ಳು ಹೇಳುತ್ತಿದ್ದಾರೆ ಎಂದು ಗಡಿಯಾರ ರಿಪೇರಿಯವನಿಗೆ ಖಾತ್ರಿಯಾದದ್ದು ಆ ಶುಕ್ರವಾರ ಸಂಜೆ, ಕಾಫಿ ಲೋಟ ಬಾಯಿಗಿಡುವ ಮುನ್ನವೇ.

"ಒಳ್ಳೇ ಸಿನಿಮಾ," ಎಂದರು ಮೇಷ್ಟ್ರು. "ಇನ್ನೊಂದು ಸಲ ನೋಡೋ ಹಾಗಿದೆ."

ಔಷಧಿ ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ. ಅರ್ಧ ಥಿಯೇಟರು ಇಂಟರ್ವಲ್ಲಿಗೇ ಖಾಲಿಯಾಗಿತ್ತು. ನಾಯಕ ಒಂದೇ ಮುಖದಲ್ಲಿ ಅತ್ತು, ಅದೇ ಮುಖದಲ್ಲಿ ಹೊಡೆದಾಡಿ, ಅದೇ ಮುಖದಲ್ಲಿ ಮದುವೆಯಾಗಿದ್ದ.

ಮೂವರದೂ ಇಪ್ಪತ್ತು ವರ್ಷದ ರೂಢಿ. ಹೊಸ ಸಿನಿಮಾ ಬಂದ ದಿನವೇ ನೋಡುವುದು, ಎದುರಿನ ಹೋಟೆಲಿನ ಮೂಲೆಯ ಮೇಜಿಗೆ ಬಂದು ಅದರ ಚರ್ಮ ಸುಲಿಯುವುದು. ಔಷಧಿ ಅಂಗಡಿಯವನು ಹಾಡುಗಳ ಪರ. ಗಡಿಯಾರದವನು ತಪ್ಪು ಹುಡುಕುವುದರಲ್ಲಿ ನಿಸ್ಸೀಮ. ಭೂತಗನ್ನಡಿ ಹಾಕಿಕೊಂಡೇ ಸಿನಿಮಾ ನೋಡುತ್ತಾನೆ ಎಂದು ಉಳಿದಿಬ್ಬರ ತಮಾಷೆ. ಮೇಷ್ಟ್ರು ಮಾತ್ರ ಬಲು ಖಡಕ್ಕು. ಶಾಲೆಯಲ್ಲಿ ಮಕ್ಕಳ ನಾಟಕ ಮಾಡಿಸಿ ಮಾಡಿಸಿ ಪಳಗಿದ ಕಣ್ಣು. ಕಳಪೆಯನ್ನು ಕಳಪೆ ಎನ್ನಲು ಅವರು ಯಾರ ಮುಲಾಜೂ ನೋಡಿದವರಲ್ಲ.

ಎರಡು ವರ್ಷದಿಂದ ಅವರಿಗೆ ಏನೋ ಆಗಿತ್ತು.

"ಅಂಥಾದ್ದೇನು ಹಿಡಿಸ್ತು ನಿಮಗೆ?" ಗಡಿಯಾರದವನು ಕೇಳಿದ.

"ಆ ರೈಲು ನಿಲ್ದಾಣದ ಸೀನು. ಜನ ಓಡಾಡೋದು ಎಷ್ಟು ಸಹಜವಾಗಿತ್ತು."

"ನಾಯಕಿ ರೈಲು ಹತ್ತೋದಾ?"

"ನಾಯಕಿ ಬಿಡಿ. ಅವಳ ಹಿಂದೆ ನೋಡಿದ್ರಾ ನೀವು?"

"ನೋಡದೆ ಏನು? ಗಡಿಯಾರ ಇತ್ತು. ಮೊದಲ ಶಾಟಲ್ಲಿ ನಾಲ್ಕೂವರೆ, ಎರಡನೇದ್ರಲ್ಲಿ ನಾಲ್ಕೂ ಹತ್ತು."

ಮೇಷ್ಟ್ರು ಲೋಟ ಕೆಳಗಿಟ್ಟರು. "ಕೆಲವನ್ನ ಬಾಯಿಬಿಟ್ಟು ಹೇಳೋಕಾಗಲ್ಲ. ನೀವೇ ನೋಡಬೇಕು. ಇನ್ನೊಂದು ಸಲ ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ."

"ಆ ಶಿಕ್ಷೆ ಒಂದು ಸಲಕ್ಕೆ ಸಾಕು."

ಮೇಷ್ಟ್ರು ಎದ್ದು ಹೋದ ಮೇಲೆ ಔಷಧಿ ಅಂಗಡಿಯವನು ದನಿ ತಗ್ಗಿಸಿದ. "ಥಿಯೇಟರಿನವರು ಪುಕ್ಕಟೆ ಪಾಸು ಕೊಡ್ತಿರಬೇಕು. ಜನ ಕರ್ಕೊಂಡು ಬನ್ನಿ ಅಂತ."

ಗಡಿಯಾರದವನು ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಹಿಂದಿನ ಸಲ ಮೇಷ್ಟ್ರು ಹೊಗಳಿದ್ದು ತರಕಾರಿ ಮಾರುಕಟ್ಟೆಯ ಸೀನು. ಅದಕ್ಕೂ ಮುಂಚೆ, ಕೋರ್ಟಿನ ಹೊರಗೆ ನಿಂತ ಗುಂಪು. ಆ ಎರಡೂ ಸಿನಿಮಾ ವಾರಕ್ಕೇ ಮಕಾಡೆ ಮಲಗಿದ್ದವು. ಕಥೆಯ ಬಗ್ಗೆ ಮೇಷ್ಟ್ರು ಒಂದು ಸಲವೂ ತುಟಿ ಬಿಚ್ಚಿರಲಿಲ್ಲ.

ಮರುದಿನ ಬೆಳಿಗ್ಗೆ ಚಿಲ್ಲರೆಗೆಂದು ಹೆಂಡತಿಯ ಚೀಲಕ್ಕೆ ಕೈ ಹಾಕಿದ. ಸಿಕ್ಕಿದ್ದು ಅರ್ಧ ಹರಿದ ಟಿಕೆಟುಗಳು. ಮಾರುಕಟ್ಟೆಯದು ಮೂರು, ಕೋರ್ಟಿನದು ಎರಡು. ಕತ್ತಲ ಥಿಯೇಟರಿನಲ್ಲಿ ಕೂತರೆ ತಲೆನೋವು ಬರುತ್ತದೆ ಎಂದು ಮದುವೆಯಾದಾಗಿನಿಂದ ಸಿನಿಮಾ ತಪ್ಪಿಸಿಕೊಂಡವಳು ಅವಳು.

"ಯಾರ ಜೊತೆ ಹೋಗಿದ್ದೆ?"

ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. "ಮೇಷ್ಟ್ರು ಟಿಕೆಟ್ ತಂದಿದ್ರು."

"ಒಂದೇ ಸಿನಿಮಾಕ್ಕೆ ಮೂರು ಸಲ?"

"ಚೆನ್ನಾಗಿತ್ತು."

"ಕಥೆ ಏನು ಹೇಳು, ನೋಡೋಣ."

"ಕಥೆ ನೆನಪಿಲ್ಲ." ಸೀರೆಯ ಅಂಚನ್ನು ಜೋಡಿಸಿ ಒತ್ತಿದಳು. "ಈ ಮನೇಲಿ ಸಿನಿಮಾ ಮಾತು ಎತ್ತಬಾರದು ಅಂತ ನೀವೇ ಅಲ್ವಾ ಹೇಳಿದ್ದು?"

ಹೇಳಿದ್ದು ನಿಜ. ಆರು ವರ್ಷದ ಹಿಂದಿನ ಮಾತು. ಸಿನಿಮಾ ಎನ್ನುವುದು ಹೋಟೆಲಿನ ಹರಟೆ, ಮನೆಯೊಳಗೆ ಬಿಟ್ಟುಕೊಳ್ಳುವಂಥದ್ದಲ್ಲ ಎಂಬುದು ಅವನ ನಿಲುವು. ಆ ದಿನ ಅಂಗಡಿಯಲ್ಲಿ ಸಣ್ಣ ಸ್ಕ್ರೂ ಎರಡು ಬಾರಿ ಚಿಮುಟದಿಂದ ಜಾರಿ ಬಿತ್ತು.

ಭಾನುವಾರ ಮಧ್ಯಾಹ್ನ ಅವಳು ಒಳ್ಳೆಯ ಸೀರೆ ಉಟ್ಟು, ಕನ್ನಡಕವನ್ನು ಎರಡು ಸಲ ಒರೆಸಿಕೊಂಡು ಹೊರಟಳು. ಅವನು ಚಪ್ಪಲಿ ಮೆಟ್ಟಿ, ದೂರ ಬಿಟ್ಟು ಹಿಂಬಾಲಿಸಿದ. ಥಿಯೇಟರಿನ ಮೆಟ್ಟಿಲ ಬಳಿ ಮೇಷ್ಟ್ರು ಕಾಯುತ್ತಿದ್ದರು. ಅವರು ಏನೋ ಅಂದರು. ಅವಳು ನಕ್ಕಳು. ಅವಳ ಆ ನಗುವನ್ನು ಅವನು ನೋಡಿ ವರ್ಷಗಳಾಗಿದ್ದವು. ಪಾಸಿನ ವಿಷಯ ಈಗ ಅವನ ತಲೆಯಲ್ಲಿರಲಿಲ್ಲ.

ದೀಪ ಆರಿದ ಮೇಲೆ ಟಿಕೆಟು ಹರಿಸಿಕೊಂಡು ಒಳಗೆ ಹೋದ. ಕತ್ತಲಿಗೆ ಕಣ್ಣು ಹೊಂದಿಕೊಂಡಾಗ, ನಡುವಿನ ಸಾಲಿನಲ್ಲಿ ಅವರು ಕಂಡರು. ಇಬ್ಬರಲ್ಲ, ಮೂವರು. ಮೇಷ್ಟ್ರು, ಮೇಷ್ಟ್ರ ಮನೆಯವರು, ಆಚೆ ಬದಿಗೆ ತನ್ನ ಹೆಂಡತಿ. ಅವನಿಗೆ ಸಮಾಧಾನವಾಯಿತು, ಅದರ ಬೆನ್ನಿಗೇ ಇನ್ನಷ್ಟು ಗೊಂದಲ. ಸದ್ದಾಗದಂತೆ ಅವರ ಹಿಂದಿನ ಸಾಲಿಗೆ ಹೋಗಿ ಕೂತ.

ನಾಯಕ ಅತ್ತ. ಯಾರೂ ಪರದೆ ನೋಡುತ್ತಿರಲಿಲ್ಲ. ನಾಯಕ ಹೊಡೆದಾಡಿದ. ಮೇಷ್ಟ್ರ ಮನೆಯವರು ಆಕಳಿಸಿದರು.

ರೈಲು ನಿಲ್ದಾಣ ಬಂತು. ಮೂವರೂ ಒಟ್ಟಿಗೆ ಮುಂದಕ್ಕೆ ಬಾಗಿದರು.

"ಈಗ, ಈಗ," ಎಂದರು ಮೇಷ್ಟ್ರು. "ಎಡಗಡೆಯಿಂದ ಬರ್ತಾಳೆ."

"ಸೊರಗಿದ್ದಾಳೆ, ಅಲ್ವೇನ್ರೀ?" ಎಂದರು ಅವರ ಮನೆಯವರು.

"ಇಲ್ಲಮ್ಮ," ಎಂದಳು ಅವನ ಹೆಂಡತಿ. ಅವಳ ದನಿ ಒಡೆದಿತ್ತು. "ಹೋದ ಸಿನಿಮಾಕ್ಕಿಂತ ಮೈಕೈ ತುಂಬಿಕೊಂಡಿದ್ದಾಳೆ. ಹೊಟ್ಟೆ ತುಂಬ ಉಣ್ತಿದ್ದಾಳೆ, ಅಷ್ಟಾದ್ರೂ ಗೊತ್ತಾಗುತ್ತಲ್ಲ."

ಅವನು ತಲೆಯೆತ್ತಿ ನೋಡಿದ. ನಾಯಕಿಯನ್ನಲ್ಲ, ಅವಳ ಹಿಂದೆ.

ಬಣ್ಣ ಹಚ್ಚುವುದಾದರೆ ಈ ಮನೆ ನಿನ್ನದಲ್ಲ ಎಂದು ಆರು ವರ್ಷದ ಹಿಂದೆ ತಾನೇ ಹೊರಗೆ ಕಳಿಸಿದ ಮಗಳು, ಗುಂಪಿನ ನಡುವೆ ಪೆಟ್ಟಿಗೆ ಹಿಡಿದು ನಾಲ್ಕು ಸೆಕೆಂಡು ಅವನ ಕಡೆಗೇ ನಡೆದು ಬಂದು, ಪರದೆಯ ಅಂಚು ದಾಟಿ ಹೋದಳು.