ನಾಲ್ಕು ಸಾಫ್ಟ್‌ವೇರ್, ಒಂದು ಹಾಡು

ಅಕ್ಕ ಮೈಕಿನ ಮುಂದೆ ಕುಳಿತು ಒಂದು ಗಂಟೆಯ ಮೇಲಾಗಿತ್ತು. ಇಷ್ಟು ಹೊತ್ತಿನಲ್ಲಿ ತಮ್ಮ ಅವಳಿಂದ ಹಾಡಿಸಿದ್ದು "ಹಲೋ, ಹಲೋ, ಒಂದು, ಎರಡು, ಮೂರು" ಇಷ್ಟೇ. ಮಂಗಳವಾರ ಅವಳ ಥೈರಾಯ್ಡ್ ಗಡ್ಡೆಯ ಆಪರೇಷನ್ನು. ದನಿ ಸ್ವಲ್ಪ ಬದಲಾದರೂ ಬದಲಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿಟ್ಟಿದ್ದರು. ಇವತ್ತು ಭಾನುವಾರ.

ತಮ್ಮನದು ಕನ್ನಡಕದ ಅಂಗಡಿ. ಗಿರಾಕಿಗಳ ಕಣ್ಣಿಗೆ ಒಂದೊಂದೇ ಗಾಜು ಹಾಕಿ, "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದು ಕೇಳಿ ಎರಡೇ ನಿಮಿಷದಲ್ಲಿ ತೀರ್ಮಾನಕ್ಕೆ ಬರುತ್ತಿದ್ದವನು, ತನ್ನ ವಿಷಯದಲ್ಲಿ ಮಾತ್ರ ಎರಡು ತಿಂಗಳಿಂದ ತೂಗುಯ್ಯಾಲೆಯಲ್ಲಿದ್ದ. ಇಪ್ಪತ್ತು ವರ್ಷ ಅಟ್ಟದ ಮೇಲಿದ್ದ ಗಿಟಾರನ್ನು ಕೆಳಗಿಳಿಸಿ ತಂತಿ ಬದಲಾಯಿಸಿದ್ದ, ಮೈಕು ತಂದಿದ್ದ. ಅಕ್ಕನ ಹಾಡನ್ನು ಯಾವ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡುವುದು ಎಂಬಲ್ಲಿ ಗಾಡಿ ನಿಂತುಬಿಟ್ಟಿತ್ತು. ಲ್ಯಾಪ್‌ಟಾಪಿನಲ್ಲಿ ಈಗ ನಾಲ್ಕು ಕೂತಿದ್ದವು; ನಾಲ್ಕಕ್ಕೂ ಮೂವತ್ತು ದಿನ ಪುಕ್ಕಟೆ. ಅವುಗಳ ಹೋಲಿಕೆಯ ವಿಡಿಯೋಗಳನ್ನು ಊಟ ಮಾಡುತ್ತಲೂ ನೋಡುತ್ತಿದ್ದ.

"ಲೋ, ನಾನು ಹಾಡೋಕೆ ಬಂದಿದೀನೋ, ಎಣಿಸೋಕೆ ಬಂದಿದೀನೋ?" ಎಂದಳು ಅಕ್ಕ. ಮೂವತ್ತು ವರ್ಷ ಗಣಿತ ಪಾಠ ಮಾಡಿದವಳು. "ಎಣಿಸೋದು ಸ್ಕೂಲಲ್ಲೇ ಸಾಕಾಗಿದೆ."

"ಒಂದ್ನಿಮಿಷ ಅಕ್ಕ. ಇದರಲ್ಲಿ ದನಿ ಒಂದು ಚೂರು ತಡವಾಗಿ ಕೇಳಿಸ್ತಿದೆ. ಅದರಲ್ಲಿ ತಡ ಇಲ್ಲ, ಆದರೆ ದನಿಗೆ ತೂಕ ಇಲ್ಲ."

"ನನಗೆ ಬೇಕಾದಷ್ಟು ತೂಕ ಇದೆ, ನೀನು ಯೋಚನೆ ಮಾಡಬೇಡ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಕಿಸಕ್ಕನೆ ನಕ್ಕಳು. ತಮ್ಮನ ಮೂತಿ ದಪ್ಪಗಾಯಿತು. ಹಿಂದೆ ಅಕ್ಕ ತಮ್ಮ ಇಬ್ಬರೂ ಇದ್ದ ಹಾಡಿನ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಗೆಳೆಯನಿಗೆ ಇವೆಲ್ಲ ಗೊತ್ತು, ಅವನನ್ನೇ ಕೇಳಿ ಕೊನೆಗಾಣಿಸುತ್ತೇನೆ ಎಂದು ಫೋನ್ ಹಿಡಿದು ಬಾಲ್ಕನಿಗೆ ಹೋದ.

ಅವನ ಮಾತು ಮುಗಿಯುವಾಗ ಇಪ್ಪತ್ತು ನಿಮಿಷ ಕಳೆದಿತ್ತು. ಗೆಳೆಯ ಐದನೆಯದೊಂದರ ಹೆಸರು ಹೇಳಿದ್ದ. ಹುರುಪಿನಿಂದ ಒಳಗೆ ಬಂದರೆ, ಅಕ್ಕ ಮೈಕಿನ ಮುಂದಿನಿಂದ ಎದ್ದು ಸೋಫಾದಲ್ಲಿ ಕಾಲು ಚಾಚಿಕೊಂಡಿದ್ದಳು. ಪಕ್ಕದಲ್ಲಿ ಹೆಂಡತಿ. ಇಬ್ಬರ ಮುಖದಲ್ಲೂ ಏನೂ ಅರಿಯದವರ ಕಳೆ.

"ಕೂತ್ಕೋ ಅಕ್ಕ, ಇನ್ನೊಂದು ಇಳಿಸ್ಕೊಳ್ತೀನಿ, ಹತ್ತೇ ನಿಮಿಷ."

"ಏನೂ ಬೇಡ ರೀ," ಎಂದಳು ಹೆಂಡತಿ. "ಅತ್ತಿಗೆ ಹಾಡಿ ಆಯ್ತು. ನಾನು ರೆಕಾರ್ಡ್ ಮಾಡಿ ಆಯ್ತು."

"ನೀನಾ? ಯಾವ ಸಾಫ್ಟ್‌ವೇರಲ್ಲಿ?"

"ಹೆಸರು ಯಾರು ನೋಡಿದ್ರು? ಕೆಂಪು ಗುಂಡಿ ಇತ್ತಲ್ಲ, ಅದನ್ನ ಒತ್ತಿದೆ."

"ಎಲ್ಲದರಲ್ಲೂ ಕೆಂಪು ಗುಂಡೀನೇ ಇರುತ್ತೆ ಕಣೇ!"

"ಹೌದಾ? ಹಾಗಾದ್ರೆ ಎರಡು ತಿಂಗಳು ನೀವು ನೋಡಿದ್ದು ಏನನ್ನ?"

ಅವನು ಹೆಡ್‌ಫೋನ್ ಹಾಕಿಕೊಂಡ. ಇಪ್ಪತ್ತು ವರ್ಷದ ಹಿಂದೆ ಅಕ್ಕ ತಮ್ಮ ಇಬ್ಬರೂ ಸೇರಿ ಕಟ್ಟಿದ ಹಾಡು. ಮೊದಲು ಕಿವಿಗೆ ಬಿದ್ದದ್ದು ಫ್ಯಾನಿನ ಸದ್ದು. ಆಮೇಲೆ ಪಲ್ಲವಿ ಮುಗಿದ ಬಿಡುವಿನಲ್ಲಿ ಬಾಲ್ಕನಿಯಿಂದ ತೂರಿಬಂದ ಅವನದೇ ಗಂಟಲು: "ಮೂವತ್ತು ದಿನ ಫ್ರೀ ಕಣೋ, ಆಮೇಲೆ ನೋಡೋಣ." ಅಕ್ಕ ಒಂದಿಷ್ಟೂ ತಾಳ ತಪ್ಪದೆ ಅದನ್ನೇ ರಾಗಕ್ಕೆ ಎತ್ತಿಕೊಂಡಿದ್ದಳು: "ಮೂವತ್ತು ದಿನ ಫ್ರೀಯಂತೆ, ಆಮೇಲೆ ನೋಡೋಣವಂತೆ..." ಹಿಂದೆ ಹೆಂಡತಿಯ ನಗು.

ಕತ್ತರಿಸಿ ಹಾಕಬೇಕೆಂದು ಅವನು ಮೌಸಿಗೆ ಕೈಯಿಟ್ಟ. ಅಷ್ಟರಲ್ಲಿ ಚರಣ ಬಂತು. ಮೇಲಿನ ಸ್ವರಕ್ಕೆ ಹೋಗುವ ಮುಂಚೆ ಅಕ್ಕ ಸಣ್ಣಗೆ ಉಸಿರೆಳೆದುಕೊಂಡದ್ದು ಕಿವಿಯ ಪಕ್ಕದಲ್ಲೇ ಎಂಬಂತೆ ಕೇಳಿಸಿತು. ಸ್ವರ ಹತ್ತಿ ಅಲ್ಲಿ ನಿಂತಿತು. ಒಂಚೂರು ನಡುಗಿತು, ಬೀಳಲಿಲ್ಲ. ಅವನ ಕೈ ಮೌಸಿನ ಮೇಲೆ ಹಾಗೇ ಉಳಿಯಿತು. ಹಾಡು ಮುಗಿದ ಮೇಲೂ ಹೆಡ್‌ಫೋನ್ ತೆಗೆಯಲಿಲ್ಲ. ತೆಗೆದರೆ ಇಬ್ಬರ ಕಡೆಗೂ ತಿರುಗಬೇಕಿತ್ತು, ಒದ್ದೆ ಕಣ್ಣು ಕಾಣುತ್ತಿತ್ತು.

"ಹೇಗಿದೆಯೋ?" ಅಕ್ಕ ಅವನ ಭುಜ ತಟ್ಟಿ ಕೇಳಿದಳು.

"ಫ್ಯಾನ್ ಆಫ್ ಮಾಡಬೇಕಿತ್ತು," ಎಂದ.

"ಸೆಖೆ ಕಣೋ. ಬೆವರು ಸುರಿಸ್ಕೊಂಡು ಹಾಡೋಕೆ ನನ್ನ ಕೈಲಾಗಲ್ಲ."

ಮಂಗಳವಾರ ಆಪರೇಷನ್ ಸಸೂತ್ರವಾಗಿ ಆಯಿತು. ಮೂರು ವಾರ ತುಟಿ ಬಿಚ್ಚಕೂಡದು, ದನಿಯ ಸಂಗತಿ ಆಮೇಲೆ ನೋಡೋಣ ಎಂದರು ಡಾಕ್ಟರು. ಮರುದಿನ ತಮ್ಮ ನೋಡಲು ಹೋದಾಗ ಅವಳು ಕುತ್ತಿಗೆಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ದಿಂಬಿಗೊರಗಿದ್ದಳು. ಅವನು ಹೊದಿಕೆಯ ಅಂಚು ಸರಿಮಾಡುತ್ತ ಕುಳಿತ. ಅಕ್ಕ ಅವನ ಅಂಗಿಯ ಜೇಬಿನಿಂದ ಪೆನ್ನು ಎಳೆದುಕೊಂಡು, ಔಷಧಿ ಚೀಟಿಯ ಹಿಂದೆ ದುಂಡಗೆ ಬರೆದು ಅವನ ಕೈಗೆ ತುರುಕಿದಳು:

"ಈಗ ನೀನು ಹಾಡು. ಮೂರು ವಾರ ನಾನು ಬಯ್ಯೋ ಹಾಗಿಲ್ಲ. ಇಂಥ ಅವಕಾಶ ಮತ್ತೆ ಸಿಗಲ್ಲ."