ಕಿರುಚಿದರೆ ಮೊದಲು ಆಫ್

ಮತ್ತೆ ಟಪ್ಪೆಂದು ಕಂಪ್ಯೂಟರಿನ ಪರದೆ ಕಪ್ಪಾಯಿತು. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಯೊಳಗೆ ಇದು ಮೂರನೆಯ ಸಲ. ಸೊಸೆ ಹೆಡ್‌ಫೋನ್ ಕಿತ್ತಿಟ್ಟು ತಲೆ ಮೇಲೆ ಕೈಹೊತ್ತು ಕೂತಳು. ಸಂಜೆ ನಾಲ್ಕಕ್ಕೆ ಆನ್‌ಲೈನ್ ಆಟದ ಫೈನಲ್. ಐದು ಜನರ ತಂಡಕ್ಕೆ ಅವಳೇ ನಾಯಕಿ. ಸೆಮಿಫೈನಲ್‌ನಲ್ಲಿ ಅವಳು ನಡುವೆಯೇ ಮಾಯವಾದಾಗ ಉಳಿದ ನಾಲ್ವರು ಹೇಗೋ ದಡ ಮುಟ್ಟಿದ್ದರು. ಇನ್ನೊಮ್ಮೆ ಹೀಗಾದರೆ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತೇವೆ ಎಂದು ನಯವಾಗಿಯೇ ಹೇಳಿದ್ದರು.

"ನಾನೇನು ಮಾಡ್ಲಿ ಹೇಳಿ, ಮೇಡಂ?" ರಿಪೇರಿಯವನು ಕಂಪ್ಯೂಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. "ಪವರ್ ಸಪ್ಲೈ ಹೊಸದು. ಮೆಮೊರಿ ಹೊಸದು. ಬಿಸಿನೂ ಜಾಸ್ತಿ ಆಗ್ತಿಲ್ಲ. ನನ್ನ ಅಂಗಡೀಲಿ ಎಂಟು ಗಂಟೆ ಓಡಿಸ್ದೆ, ಮಿಸುಕಲಿಲ್ಲ. ಇಲ್ಲಿಗೆ ತಂದ್ರೆ ಹತ್ತೇ ನಿಮಿಷಕ್ಕೆ ಮಲಗುತ್ತೆ."

"ಸುಮ್ನೆ ಏನಾದ್ರೂ ಓದ್ತಾ ಕೂತ್ರೆ ಏನೂ ಆಗಲ್ಲ. ಆಟ ಬಿರುಸಾದಾಗ್ಲೇ ಕೈಕೊಡುತ್ತೆ," ಎಂದು ಅವಳು ಪಿಸುಗುಟ್ಟಿದಳು. ಗ್ರಂಥಾಲಯದ ಕೆಲಸ ಅವಳದು. ವಾರವಿಡೀ ಪಿಸುಗುಟ್ಟಿ ಪಿಸುಗುಟ್ಟಿ ಅದೇ ಅವಳ ದನಿಯಾಗಿಬಿಟ್ಟಿತ್ತು. ಮದುವೆಯಾಗಿ ಮೂರು ವರ್ಷವಾದರೂ ಆ ದನಿ ಏರಿದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ರಿಪೇರಿಯವನು ಸ್ವಲ್ಪ ಹೊತ್ತು ಮೂಗು ಕೆರೆದುಕೊಂಡ. ಆಮೇಲೆ ಮೇಜಿನ ದೀಪವನ್ನೂ ಅದೇ ಪ್ಲಗ್ ಬೋರ್ಡಿಗೆ ಸಿಕ್ಕಿಸಿ, ಕಂಪ್ಯೂಟರನ್ನು ಹಿಂಡಿ ಹಿಪ್ಪೆ ಮಾಡುವ ಪರೀಕ್ಷೆಯೊಂದನ್ನು ಶುರು ಮಾಡಿದ. ಫ್ಯಾನುಗಳು ಗುಂಯ್‌ಗುಟ್ಟಿ, ಊಳಿಟ್ಟು, ಕಡೆಗೆ ಕೀರಲು ದನಿ ತೆಗೆದವು. ಟಪ್! ಕಂಪ್ಯೂಟರ್ ಆರಿತು. ಜೊತೆಗೆ ದೀಪವೂ ಆರಿತು. ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ದೀಪ ಮಾತ್ರ ಮತ್ತೆ ಹತ್ತಿಕೊಂಡಿತು.

ಇಬ್ಬರೂ ಮುಖ ಮುಖ ನೋಡಿಕೊಂಡರು. ರಿಪೇರಿಯವನು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಬಾಗಿಲು ತೆರೆದ. ಆ ಕೋಣೆ ಮೊದಲು ಸಾಮಾನು ತುಂಬುವ ಜಾಗವಾಗಿದ್ದುದರಿಂದ ಅದರ ಪ್ಲಗ್ಗಿನ ಸ್ವಿಚ್ಚು ಹೊರಗೆ ಹಾಲಿನ ಗೋಡೆಯಲ್ಲಿತ್ತು. ಅದರ ಕೆಳಗೆ ಕುರ್ಚಿ ಹಾಕಿಕೊಂಡು ಮಾವ ಪೇಪರ್ ಓದುತ್ತಿದ್ದರು. ಒಂದು ಕೈಯಲ್ಲಿ ಪೇಪರ್ ಇತ್ತು. ಇನ್ನೊಂದು ಕೈಯ ಬೆರಳು ಇನ್ನೂ ಸ್ವಿಚ್ಚಿನ ಮೇಲೆಯೇ ಇತ್ತು.

"ಮಾವ, ನೀವಾ?"

"ಮತ್ತಿನ್ಯಾರು? ನೀನು ಕಿವಿಗೆ ಆ ಡಬ್ಬಿ ಹಾಕ್ಕೊಂಡು ಕೂರ್ತೀಯ. ಅದು ಪ್ರಾಣ ಹೋಗೋ ಹಾಗೆ ಕಿರುಚ್ತಾ ಇರುತ್ತೆ. ಒಂದು ತಿಂಗಳಿಂದ ನಾನೇ ಕಾಪಾಡ್ತಾ ಇದೀನಿ. ಆಫ್ ಮಾಡಿ, ಸುಧಾರಿಸ್ಕೊಳ್ಳಲಿ ಅಂತ ಒಂದು ಗಳಿಗೆ ಬಿಟ್ಟು ಮತ್ತೆ ಹಾಕ್ತೀನಿ."

ಮಾವ ಮೂವತ್ತನಾಲ್ಕು ವರ್ಷ ಕಾಗದದ ಕಾರ್ಖಾನೆಯಲ್ಲಿ ಕತ್ತರಿಸುವ ಮೆಷಿನ್ ನಡೆಸಿ ನಿವೃತ್ತರಾದವರು. "ಮೆಷಿನ್ ಕಿರುಚಿದ್ರೆ ಮೊದಲು ಆಫ್, ಆಮೇಲೆ ಪ್ರಶ್ನೆ. ನನ್ನ ಪಾಳೀಲಿ ಒಬ್ಬರದೂ ಒಂದು ಬೆರಳು ಹೋಗಿಲ್ಲ, ಗೊತ್ತಾ?" ಎನ್ನುತ್ತ ತಮ್ಮ ಹತ್ತೂ ಬೆರಳುಗಳನ್ನು ಹರಡಿ ತೋರಿಸಿದರು.

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಸೊಸೆ ವಿಷಯಕ್ಕೆ ಬಾಯಿ ಹಾಕ್ಬೇಡಿ ಅಂತ ನಿಮ್ಮತ್ತೆ ಮದುವೆ ದಿನಾನೇ ಹೇಳಿದ್ಲು. ನಾನು ಬಾಯಿ ಹಾಕಿದ್ನಾ?"

ಸೊಸೆಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಇನ್ನೂ ಹರಡಿಕೊಂಡೇ ಇದ್ದ ಆ ಬೆರಳುಗಳನ್ನು ನೋಡಿ ನಗು ಬಂದುಬಿಟ್ಟಿತು. ತಿಂಗಳಿಡೀ ತಾನು ಶಪಿಸಿದ್ದು ಇವರನ್ನೇ ಎಂದು ಹೊಳೆದು ಇನ್ನಷ್ಟು ನಕ್ಕಳು. ರಿಪೇರಿಯವನು ಮಾತ್ರ ನಗಲಿಲ್ಲ. ತಾನು ಬಿಚ್ಚಿ ಜೋಡಿಸಿದ್ದೆಲ್ಲ ಅವನ ಕಣ್ಣ ಮುಂದೆ ಹಾದುಹೋಗುತ್ತಿತ್ತು.

"ಆದ್ರೂ ಆ ಕೂಗು ಸರಿ ಇಲ್ಲಪ್ಪ," ಎಂದರು ಮಾವ. "ಎರಡು ಫ್ಯಾನ್ ಹಾಡ್ತಾವೆ. ಒಂದು ಅಳುತ್ತೆ. ಹಿಂದುಗಡೇದು."

"ಅದು ಚೆನ್ನಾಗೇ ಇದೆ ಸಾರ್, ನಾನೇ ನೋಡಿದೀನಿ."

"ನೋಡಿದೀಯ. ಕೇಳಿದೀಯಾ?"

ರಿಪೇರಿಯವನು ಒಲ್ಲದ ಮನಸ್ಸಿನಿಂದ ಹಿಂದಿನ ಫ್ಯಾನನ್ನು ಬಿಚ್ಚಿ ಬೆರಳಿನಿಂದ ತಿರುಗಿಸಿದ. ಅದು ಒಳಗೆ ಸವೆದು ಹೋಗಿ, ಹಳೇ ಸೈಕಲ್ಲಿನ ಚಕ್ರದ ಹಾಗೆ ಓಲಾಡಿತು. ಅಂಗಡಿಗೆ ಹೋಗಿ ಹೊಸದನ್ನು ತಂದು ಹಾಕಿದ. ಈ ಸಲದ ಪರೀಕ್ಷೆಗೆ ಮಾವನವರನ್ನೇ ಪಕ್ಕದಲ್ಲಿ ಕೂರಿಸಿಕೊಂಡ. ಅವರು ಕಣ್ಣು ಮುಚ್ಚಿ ಪೂರಾ ಹತ್ತು ನಿಮಿಷ ಆಲಿಸಿ, "ಹೂಂ, ಈಗ ಮೂರೂ ಹಾಡ್ತಾವೆ" ಎಂದು ಒಪ್ಪಿದ ಮೇಲೆಯೇ ತನ್ನ ಚೀಲ ಕಟ್ಟಿದ.

ಹೊರಡುವಾಗ ಅವನು ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಲು ಹೋದ. ಸೊಸೆ ಬೇಡವೆಂದಳು. "ಮಾವ, ಡ್ಯೂಟಿ ನಿಮ್ದೇ. ಅತ್ರೆ ಆಫ್ ಮಾಡಿ. ಹಾಡಿದ್ರೆ ಬಿಟ್ಬಿಡಿ." ಮಾವನ ಮುಖ ಅರಳಿತು. ಶರ್ಟಿನ ಗುಂಡಿ ಸರಿಮಾಡಿಕೊಂಡು ಸ್ವಿಚ್ಚಿನ ಕೆಳಗೆ ಕೂತರು. ಪೇಪರ್ ಮುಟ್ಟಲಿಲ್ಲ.

ನಾಲ್ಕೂವರೆಗೆ ಆಟ ಬಿರುಸಾಯಿತು. ಫ್ಯಾನುಗಳ ದನಿ ಏರಿತು. ಸೊಸೆ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು. ಹಾಲಿನಲ್ಲಿ ಕುರ್ಚಿ ಕಿರ್ರೆಂದಿತು, ಅವಳು ಬಾಗಿಲ ಕಡೆ ಕಣ್ಣು ಹಾಯಿಸಿದಳು. ಏನೂ ಆಗಲಿಲ್ಲ. ಇನ್ನೊಂದು ಕಾಲು ಗಂಟೆಗೆ ಎದುರಾಳಿಗಳ ಕೋಟೆ ಉರುಳಿತು, ಪರದೆಯ ತುಂಬ ಅವಳ ತಂಡದ ಹೆಸರು ಬಂಗಾರದ ಅಕ್ಷರಗಳಲ್ಲಿ ಮೂಡಿತು. ಮೂರು ವರ್ಷದಲ್ಲಿ ಮೊದಲ ಸಲ ಸೊಸೆ ಸೂರು ಹಾರಿಹೋಗುವಂತೆ ಕಿರುಚಿದಳು.

ಟಪ್! ಪರದೆ ಕಪ್ಪಾಯಿತು. ಬಾಗಿಲು ತಳ್ಳಿಕೊಂಡು ಮಾವ ಏದುಸಿರು ಬಿಡುತ್ತ ಒಳಗೆ ಓಡಿ ಬಂದರು.

"ಹತ್ತು ಬೆರಳೂ ಇದೆಯೇನಮ್ಮಾ?"