ಅರ್ಧ ಆಮೆ

ಕಂಪ್ಯೂಟರ್ ಪರದೆಯ ಮೇಲೆ ಆಮೆಯ ಚಿತ್ರ ತಾನಾಗಿ ಮೂಡುತ್ತಿತ್ತು. ಅದರ ಬಿಳಿ ಗೆರೆಯ ಬೆನ್ನು ಹತ್ತಿದ್ದ ಅಜ್ಜಿಯ ಬೆರಳು ಚಿಪ್ಪಿನ ನಡುವೆ ಥಟ್ಟನೆ ನಿಂತಿತು. “ಇಲ್ಲಿ ಬೆರಳು ಎತ್ತಿದ್ದೀಯಲ್ಲೋ,” ಎಂದಳು.

ಮೊಮ್ಮಗ ತಬಿ ಬೆರಗಾದ. ಬೆರಳೆತ್ತದೆ ಒಂದೇ ಗೆರೆಯಲ್ಲಿ ಬರೆಯುವ ಊರಿನ ಮರಳ ಚಿತ್ರಕ್ಕೆ ಚಲನೆ ಕೊಟ್ಟು, ದ್ವೀಪಗಳ ರಾಜಧಾನಿ ಪೋರ್ಟ್ ವಿಲಾದ ಡಿಸೈನ್ ತರಗತಿಗೆ ನಾಳೆ ಒಪ್ಪಿಸಬೇಕಿತ್ತು. ಫೋಟೊ ನೋಡಿಕೊಂಡು ಗೆರೆಯನ್ನು ನಾಲ್ಕು ತುಂಡಾಗಿ ಬರೆದು, ಬೆಸುಗೆ ಕಾಣದಂತೆ ಜೋಡಿಸಿದ್ದ. ಮೊನ್ನೆ ನೋಡಿದ ಮೇಷ್ಟ್ರ ಕಣ್ಣಿಗೇ ಬೀಳದ್ದು ಇವಳಿಗೆ ಹೇಗೆ ಕಂಡಿತು?

“ನೋಡೋಕೆ ಸರಿಯಾಗೇ ಇದೆಯಲ್ಲ, ಬುಬು?” ಎಂದು ಅಜ್ಜಿಯನ್ನು ಕೇಳಿದ.

“ನೋಡೋಕೇನೋ ಸರಿ ಇದೆಯಪ್ಪ. ಸತ್ತ ಮೇಲೆ ಆ ಲೋಕದ ದಾರೀಲಿ ಕಾವಲು ನಿಂತೋನು ಅರ್ಧ ಚಿತ್ರ ಅಳಿಸಿ, ಉಳಿದದ್ದು ಬರಿ, ಇಲ್ಲಾಂದ್ರೆ ಒಳಗೆ ಬಿಡಲ್ಲ ಅಂತಾನೆ. ಆಗ ಈ ಡಬ್ಬಾನ ಹೊತ್ಕೊಂಡು ಹೋಗ್ತೀಯಾ?”

ಅಜ್ಜಿ ಅಂಗಳದ ಮರಳನ್ನು ಅಂಗೈಯಿಂದ ಸವರಿ, ಬೆರಳೆತ್ತದೆ ಅರ್ಧ ಆಮೆ ಬರೆದಳು. ಆಮೇಲೆ ಅವನ ತೋರುಬೆರಳನ್ನು ಹಿಡಿದು, ತನ್ನ ಬೆರಳು ನಿಂತಿದ್ದ ಜಾಗದಲ್ಲಿ ಊರಿ, ಕೈಬಿಟ್ಟಳು. ಆರು ವಾರ ಹಗಲೆಲ್ಲ ಇದೇ ಆಮೆಯನ್ನು ನೋಡಿದ್ದ ತಬಿ ಮರಳಲ್ಲಿ ಬೆರಳೂರಿ ಕುಳಿತ. ಅದನ್ನು ಎತ್ತುವಂತಿರಲಿಲ್ಲ, ಯಾವ ಕಡೆ ತಿರುಗಿಸಬೇಕೋ ಅವನಿಗೆ ಗೊತ್ತಿರಲಿಲ್ಲ.